ಲೆಕ್ಕ ಬರಲ್ಲ ಮೇಡಂ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಎರಡು ಮೂರು ವಾರ ನಮ್ಮ ಪಿಯು ಕಾಲೇಜಿನ ವರಾಂಡದಲ್ಲಿ ಒಂದು ಉದ್ದದ ಮೇಜು ಹಾಕುತ್ತಾರೆ. ಮೇಜಿನ ಈಚೆ ನಾವು ಮೂರು ಜನ ಉಪನ್ಯಾಸಕರು. ಆಚೆ ಮಕ್ಕಳು, ಅವರ ಬೆನ್ನಿಗೆ ಅಪ್ಪ ಅಮ್ಮ, ಕೆಲವರ ಜೊತೆ ಸೋದರಮಾವ. ಅಂಕಪಟ್ಟಿ, ಟಿ.ಸಿ., ಜಾತಿ ಆದಾಯ ಪ್ರಮಾಣಪತ್ರ, ನಾಲ್ಕು ಫೋಟೊ. ಹಾಸನ ಜಿಲ್ಲೆಯ ಸಣ್ಣ ಊರು ನಮ್ಮದು. ಮಧ್ಯಾಹ್ನದ ಬಸ್ಸು ತಪ್ಪಿದರೆ ಮತ್ತೆ ಸಂಜೆಗೇ ಬಸ್ಸು. ಹಾಗಾಗಿ ಎಲ್ಲರಿಗೂ ಅವಸರ. ಆ ಅವಸರದಲ್ಲೇ, ಒಬ್ಬೊಬ್ಬರಿಗೆ ಐದೈದು ನಿಮಿಷದಲ್ಲಿ, 16 ವರ್ಷದ ಮಕ್ಕಳ ಮುಂದಿನ ದಾರಿ ನಿರ್ಧಾರ ಆಗಿಬಿಡುತ್ತದೆ.

ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. 18 ವರ್ಷದಿಂದ ಈ ಮೇಜಿನ ಹಿಂದೆ ಕೂತಿದ್ದೇನೆ.

ಕಳೆದ ವರ್ಷ ಒಬ್ಬ ಹುಡುಗಿ ಬಂದಳು. ಅಂಕಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು, ಹೆಬ್ಬೆರಳು ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ. ಕನ್ನಡ 125ಕ್ಕೆ 122. ಸಮಾಜ ವಿಜ್ಞಾನ 95. ಹೆಬ್ಬೆರಳಿನ ಕೆಳಗೆ ಇದ್ದದ್ದು ಗಣಿತ. ನಾನೇ ಮೆಲ್ಲಗೆ ಕಾಗದ ಎಳೆದುಕೊಂಡೆ. 84 ಇತ್ತು.

"ಎಚ್‌ಇಬಿಎ ಕೊಡಿ ಮೇಡಂ," ಅಂದಳು.

ಎಚ್‌ಇಬಿಎ ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಅದರ ಪಕ್ಕದಲ್ಲೇ ಎಸ್‌ಇಬಿಎ ಇದೆ. ಒಂದೇ ಅಕ್ಷರದ ವ್ಯತ್ಯಾಸ. ಇತಿಹಾಸದ ಜಾಗದಲ್ಲಿ ಸಂಖ್ಯಾಶಾಸ್ತ್ರ.

"ಎಸ್‌ಇಬಿಎ ಯಾಕೆ ಬೇಡ?"

"ಲೆಕ್ಕ ಬರಲ್ಲ ಮೇಡಂ."

"84 ಬಂದಿದೆಯಲ್ಲಮ್ಮ?"

"ಅದು ಬಾಯಿಪಾಠ ಮಾಡಿದ್ದು. ತುಂಬಾ ಕಷ್ಟಪಟ್ಟು ಓದಿದ್ದು. ನಿಜವಾಗ್ಲೂ ಬರಲ್ಲ."

ಹಿಂದೆ ನಿಂತಿದ್ದ ಅವರಪ್ಪ ಮುಂದೆ ಬಂದರು. "ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ತಲೆಗೆ ಹತ್ತಲ್ಲ ಮೇಡಂ," ಅಂದರು. ಏನು ಕೆಲಸ ಮಾಡ್ತೀರಿ ಅಂತ ಕೇಳಿದೆ. ಗಾರೆ ಕೆಲಸ ಅಂದರು. ನನಗೆ ಕುತೂಹಲ. ಪಾಯ ಹಾಕುವಾಗ ಮೂಲೆ ಸರಿಯಾಗಿ ನೇರ ಇದೆಯಾ ಅಂತ ಹೇಗೆ ನೋಡ್ತೀರಿ? ಅವರು ಯೋಚನೆಯನ್ನೇ ಮಾಡದೆ ಹೇಳಿದರು. ಒಂದು ಕಡೆ ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದು ಕಡೆ 4 ಅಡಿಗೆ ಗುರುತು. ಓರೆಯಾಗಿ ಟೇಪು ಹಿಡಿದರೆ 5 ಅಡಿ ಬರಬೇಕು. ಬಂದರೆ ಮೂಲೆಮಟ್ಟ ಸರಿ ಇದೆ ಅಂತ.

ಮಗಳು ಅದೇ ಪೈಥಾಗೊರಸ್ ಪ್ರಮೇಯವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ಅಪ್ಪ ಅದರ ಮೇಲೆ ಮನೆ ಕಟ್ಟುತ್ತಿದ್ದರು. ಇಬ್ಬರಿಗೂ ಲೆಕ್ಕ ಬರಲ್ಲ.

ಈ "ಬರಲ್ಲ" ಅನ್ನುವ ಮಾತು ನನ್ನನ್ನು ಬಹಳ ವರ್ಷದಿಂದ ಕಾಡುತ್ತಿದೆ. ನಾವು ಈಜು ಬರಲ್ಲ ಅನ್ನುತ್ತೇವೆ. ಸೈಕಲ್ ಬರಲ್ಲ, ಹೊಲಿಗೆ ಬರಲ್ಲ, ತಮಿಳು ಬರಲ್ಲ ಅನ್ನುತ್ತೇವೆ. ಅಲ್ಲೆಲ್ಲ ಅದರ ಅರ್ಥ ಇನ್ನೂ ಕಲಿತಿಲ್ಲ ಅಂತ. ಕೆರೆಗೆ ಇಳಿದರೆ ಈಜು ಬರುತ್ತದೆ, ಹೊಸೂರಿನಲ್ಲಿ ಎರಡು ವರ್ಷ ಇದ್ದರೆ ತಮಿಳು ಬರುತ್ತದೆ. ಲೆಕ್ಕದ ವಿಷಯಕ್ಕೆ ಬಂದಾಗ ಮಾತ್ರ ಅದೇ ಮಾತು ಬೇರೆ ಅರ್ಥ ಪಡೆಯುತ್ತದೆ. ಕಣ್ಣಿನ ಬಣ್ಣದ ಹಾಗೆ, ಹುಟ್ಟಿದಾಗಲೇ ಬಂದದ್ದು ಅಥವಾ ಬರದೇ ಹೋದದ್ದು. ವಂಶದಲ್ಲಿ ಇಲ್ಲ, ಹಣೆಯಲ್ಲಿ ಬರೆದಿಲ್ಲ.

ನಾನೂ ಹಾಗೇ ಅಂದುಕೊಂಡಿದ್ದವಳು. ನನ್ನ ಅಣ್ಣನಿಗೆ ಲೆಕ್ಕ ಅಂದರೆ ನೀರು ಕುಡಿದಷ್ಟು ಸುಲಭ. ಅಂಗಡಿಯವರು ಚೀಟಿ ಬರೆದು ಕೂಡಿಸುವಷ್ಟರಲ್ಲಿ ಅವನು ಮೊತ್ತ ಹೇಳಿಬಿಡುತ್ತಿದ್ದ. ನಾನು ಕತೆ ಪುಸ್ತಕ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದೆ. ಮನೆಗೆ ಯಾರಾದರೂ ಬಂದರೆ ಅಪ್ಪ ಹೇಳುತ್ತಿದ್ದರು: "ಇವನಿಗೆ ಲೆಕ್ಕ, ಇವಳಿಗೆ ಕನ್ನಡ." ಪ್ರೀತಿಯಿಂದಲೇ ಹೇಳುತ್ತಿದ್ದದ್ದು. ಇಬ್ಬರಿಗೂ ಒಂದೊಂದು ಹಂಚಿದ ಹಾಗೆ. ನನಗೆ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ 78 ಬಂತು. ಆ ಕಾಲಕ್ಕೆ ಕಡಿಮೆ ಏನಲ್ಲ. ಆದರೆ ಆ ಅಂಕವನ್ನು ನಾನು ನೋಡಲೇ ಇಲ್ಲ. ಮನೆಯಲ್ಲಿ ಲೆಕ್ಕ ಆಗಲೇ ಅಣ್ಣನ ಪಾಲಿಗೆ ಹೋಗಿತ್ತು. ನಾನು ಕಲಾ ವಿಭಾಗ ಸೇರಿದೆ.

ಇದನ್ನು ದೂರು ಅಂತ ಹೇಳುತ್ತಿಲ್ಲ. ಕಲಾ ವಿಭಾಗ ನನಗೆ ಬದುಕು ಕೊಟ್ಟಿದೆ. ಅದನ್ನು ದಡ್ಡರ ವಿಭಾಗ ಅನ್ನುವವರ ಜೊತೆ ನಾನು ಇವತ್ತಿಗೂ ಜಗಳ ಆಡುತ್ತೇನೆ. ನನ್ನ ಸಂಕಟ ಬೇರೆ. ನಾನು ಆ ದಾರಿಯನ್ನು ಇಷ್ಟಪಟ್ಟು ಹಿಡಿದೆನಾ, ಇನ್ನೊಂದು ದಾರಿಗೆ ಹೆದರಿ ಹಿಡಿದೆನಾ? 16 ವರ್ಷದವಳಿಗೆ ಆ ವ್ಯತ್ಯಾಸ ಗೊತ್ತಾಗಲಿಲ್ಲ. ಯಾರೂ ಕೇಳಲೂ ಇಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎ ಸೇರಿದಾಗ ಲೆಕ್ಕ ನನ್ನನ್ನು ಹುಡುಕಿಕೊಂಡು ಬಂತು. ಮೊದಲ ಸೆಮಿಸ್ಟರ್‌ನಲ್ಲೇ ಡಿಫರೆನ್ಸಿಯೇಷನ್. ಬೋರ್ಡಿನ ಮೇಲೆ ಚಿಹ್ನೆಗಳನ್ನು ನೋಡಿ ಕೈ ತಣ್ಣಗಾಯಿತು. ಆ ರಾತ್ರಿ ಹಾಸ್ಟೆಲಿನಲ್ಲಿ ನನ್ನ ರೂಮಿನ ಗೆಳತಿ, ಬಿಎಸ್ಸಿ ಮಾಡಿ ಬಂದವಳು, ಒಂದು ಪ್ರಶ್ನೆ ಕೇಳಿದಳು. "ಹತ್ತು ಚೀಲ ಭತ್ತ ಬೆಳೆಯೋಕೆ 5,000 ಖರ್ಚು, ಹನ್ನೊಂದು ಚೀಲಕ್ಕೆ 5,600. ಹನ್ನೊಂದನೇ ಚೀಲದ ಖರ್ಚೆಷ್ಟು?" 600 ಅಂದೆ. ಅದು ಸೀಮಾಂತ ವೆಚ್ಚ, ಪಿಯುಸಿಯಿಂದ ನೂರು ಸಲ ಮಾಡಿದ್ದೆ. "ಈಗ ಒಂದು ಚೀಲ ಬೇಡ, ಅರ್ಧ ಚೀಲ ಜಾಸ್ತಿ ಬೆಳಿ. ಆಮೇಲೆ ಕಾಲು ಚೀಲ. ಒಂದು ಸೇರು. ಒಂದು ಹಿಡಿ. ಒಂದೇ ಒಂದು ಕಾಳು. ಆ ಒಂದು ಕಾಳಿಗೆ ಖರ್ಚು ಯಾವ ದರದಲ್ಲಿ ಏರುತ್ತೆ ಅಂತ ಕೇಳೋದೇ ಡಿಫರೆನ್ಸಿಯೇಷನ್ ಕಣೇ." ನಾನು ಸುಮ್ನೆ ಕೂತುಬಿಟ್ಟೆ. ಐದು ವರ್ಷ ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗಿದ್ದದ್ದು ನನಗೆ ಗೊತ್ತಿದ್ದ ಭತ್ತವೇ.

ಆಮೇಲೆ ಪಾಠ ಮಾಡುವ ಕೆಲಸಕ್ಕೆ ಬಂದಾಗ, ಇದರ ಬಗ್ಗೆ ಯಾರಾದರೂ ಯೋಚಿಸಿದ್ದಾರಾ ಅಂತ ಹುಡುಕಿ ಓದತೊಡಗಿದೆ. ಬೇಕಾದಷ್ಟು ಜನ ಯೋಚಿಸಿದ್ದಾರೆ. ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲೇ ಇದನ್ನು ಬರೆದಿದ್ದರು. ಒಂದು ಕೆಲಸ ನನ್ನಿಂದ ಆಗುತ್ತದೆ ಅನ್ನುವ ನಂಬಿಕೆಯೇ ಮನುಷ್ಯ ಆ ಕೆಲಸಕ್ಕೆ ಕೈ ಹಾಕುತ್ತಾನಾ, ಕಷ್ಟ ಬಂದಾಗ ಎಷ್ಟು ಹೊತ್ತು ಹಿಡಿದು ನಿಲ್ಲುತ್ತಾನಾ ಅನ್ನುವುದನ್ನು ತೀರ್ಮಾನಿಸುತ್ತದೆ ಅಂತ. 1983ರಲ್ಲಿ ನ್ಯಾನ್ಸಿ ಬೆಟ್ಜ್ ಮತ್ತು ಗೇಲ್ ಹ್ಯಾಕೆಟ್ ಅದನ್ನು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ನೋಡಿದರು. ಗಣಿತ ನನ್ನಿಂದ ಆಗುತ್ತದೆ ಅಂತ ಹೆಚ್ಚು ನಂಬಿದವರು ವಿಜ್ಞಾನದ ಕಡೆಯ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಆರಿಸಿಕೊಂಡಿದ್ದರು. ಆ ನಂಬಿಕೆ ಹುಡುಗರಲ್ಲಿ ಜಾಸ್ತಿ ಇತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಹರ್ಬರ್ಟ್ ಮಾರ್ಷ್ ಅನ್ನುವವರು 1986ರಲ್ಲಿ ಹೇಳಿದ ವಿಷಯ. ಮಗು ತನ್ನ ಗಣಿತವನ್ನು ಎರಡು ಕಡೆ ಇಟ್ಟು ತೂಗುತ್ತದೆ. ಒಂದು, ಪಕ್ಕದಲ್ಲಿ ಕೂತವರ ಗಣಿತದ ಜೊತೆ. ಇನ್ನೊಂದು, ತನ್ನದೇ ಭಾಷಾ ವಿಷಯದ ಜೊತೆ. ಈ ಎರಡನೇ ತಕ್ಕಡಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಸಾಮಾನ್ಯವಾಗಿ ಭಾಷೆಯಲ್ಲಿ ಚೆನ್ನಾಗಿರುವ ಮಕ್ಕಳು ಗಣಿತದಲ್ಲೂ ಚೆನ್ನಾಗಿರುತ್ತಾರೆ. ಅಂಕಗಳು ಜೊತೆಜೊತೆಗೇ ಏರುತ್ತವೆ. ಆದರೆ ಮಕ್ಕಳು ತಮ್ಮ ಬಗ್ಗೆ ತಾವು ಅಂದುಕೊಳ್ಳುವುದು ಹಾಗೆ ಏರುವುದಿಲ್ಲ. ಒಂದೋ ನಾನು ಲೆಕ್ಕದವನು, ಇಲ್ಲ ನಾನು ಭಾಷೆಯವನು. ಎರಡೂ ನನ್ನದು ಅನ್ನುವವರು ಕಡಿಮೆ.

ಇದನ್ನು ಓದಿದ ಮೇಲೆ ಅಂಕಪಟ್ಟಿ ನೋಡುವ ನನ್ನ ಕಣ್ಣೇ ಬದಲಾಯಿತು. ಗಾರೆ ಕೆಲಸದವರ ಮಗಳು ಬಂದ ದಿನವೇ ಇನ್ನೊಬ್ಬ ಹುಡುಗ ಬಂದಿದ್ದ. ಗಣಿತ 68, ಇಂಗ್ಲಿಷ್ 41. "ಲೆಕ್ಕ ನನ್ನ ಸ್ಟ್ರಾಂಗ್ ಸಬ್ಜೆಕ್ಟ್ ಸರ್," ಅಂತ ನನ್ನ ಪಕ್ಕದವರಿಗೆ ಹೇಳಿ ಪಿಸಿಎಂಬಿಗೆ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ, ಅರ್ಜಿ ಕೊಟ್ಟ. ಅವನು ಹೇಳಿದ್ದು ಸುಳ್ಳಲ್ಲ. ಅವನ ಅಂಕಪಟ್ಟಿಯೊಳಗೆ ಅದು ಸ್ಟ್ರಾಂಗ್. ಅವಳಿಗೆ 84, ಆದರೆ ಕನ್ನಡದ 122ರ ಪಕ್ಕದಲ್ಲಿ ಆ 84 ಸೋತು ಕೂತಿತ್ತು. ಅವಳಿಗಿಂತ 16 ಅಂಕ ಕಡಿಮೆ ಬಂದವನಿಗೆ ಲೆಕ್ಕ ಬರುತ್ತದೆ. ಅವಳಿಗೆ ಬರಲ್ಲ. ಕನ್ನಡದಲ್ಲಿ ಅಷ್ಟು ಚೆನ್ನಾಗಿದ್ದದ್ದೇ ಅವಳಿಗೆ ಮುಳುವಾಯಿತು. ನನಗೂ ಆದದ್ದು ಅದೇ ಅಲ್ವಾ?

ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು ಪದರ ಇದೆ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ವರ್ಷ ವರ್ಷವೂ ಹುಡುಗಿಯರದ್ದೇ ಮೇಲುಗೈ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಅಂಕ ಇದೆ. ನಂಬಿಕೆ ಎಲ್ಲಿ ಹೋಗುತ್ತದೆ? ಶೆಲಿ ಕೊರೆಲ್ ಅನ್ನುವ ಸಮಾಜಶಾಸ್ತ್ರಜ್ಞೆ 2004ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಕಾಲೇಜು ಹುಡುಗ ಹುಡುಗಿಯರಿಗೆ ಕಪ್ಪು ಬಿಳುಪು ಚಿತ್ರ ತೋರಿಸಿ, ಯಾವ ಬಣ್ಣ ಜಾಸ್ತಿ ಇದೆ ಹೇಳಿ ಅಂದರು. ನಿಜಕ್ಕೂ ಎರಡು ಬಣ್ಣವೂ ಹೆಚ್ಚು ಕಡಿಮೆ ಸಮ. ಸರಿಯುತ್ತರ ಅನ್ನುವುದೇ ಇರಲಿಲ್ಲ. ಅಂಥದ್ದೊಂದು ಸಾಮರ್ಥ್ಯವೂ ಇರಲಿಲ್ಲ, ಪ್ರಯೋಗಕ್ಕೆ ಅಂತ ಕಟ್ಟಿದ್ದು. ಒಂದು ಗುಂಪಿಗೆ, ಇದರಲ್ಲಿ ಗಂಡಸರು ಮುಂದೆ ಅಂತ ಹೇಳಿದರು. ಇನ್ನೊಂದು ಗುಂಪಿಗೆ, ಗಂಡು ಹೆಣ್ಣು ಅಂತ ವ್ಯತ್ಯಾಸ ಇಲ್ಲ ಅಂದರು. ಕೊನೆಗೆ ಎಲ್ಲರಿಗೂ ಒಂದೇ ಅಂಕ ಕೊಟ್ಟರು. ಮೊದಲ ಗುಂಪಿನಲ್ಲಿ, ಅದೇ ಅಂಕ ಹಿಡಿದುಕೊಂಡು ಹುಡುಗರು ತಮ್ಮನ್ನು ಹೆಚ್ಚು ಜಾಣರು ಅಂದುಕೊಂಡರು. ಆ ಸಾಮರ್ಥ್ಯ ಬೇಕಾಗುವ ಕೆಲಸಗಳಿಗೆ ಹೋಗುವ ಆಸೆಯನ್ನೂ ಅವರೇ ಹೆಚ್ಚು ತೋರಿಸಿದರು. ಎರಡನೇ ಗುಂಪಿನಲ್ಲಿ ಆ ವ್ಯತ್ಯಾಸ ಇರಲೇ ಇಲ್ಲ.

ಇಲ್ಲದ ಸಾಮರ್ಥ್ಯದ ಬಗ್ಗೆ, ಆಗತಾನೇ ಕೇಳಿದ ಒಂದು ಮಾತು ಇಷ್ಟು ಮಾಡಿತು. ಇನ್ನು ಹುಟ್ಟಿದಾಗಿನಿಂದ ಕೇಳಿದ ಮಾತು ಎಷ್ಟು ಮಾಡಬೇಡ.

ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗೆ ಅಂತ ಹೆಚ್ಚುವರಿ ಸೀಟು ಇಟ್ಟರು. ಮೊದಲ ವರ್ಷ ಶೇ 14ರ ಗುರಿ, 2020ಕ್ಕೆ ಶೇ 20. ಒಳ್ಳೆಯದೇ ಆಯಿತು. ಆದರೆ ಆ ಸೀಟಿನವರೆಗೆ ಬರಬೇಕಾದರೆ ಮೊದಲು ನಮ್ಮ ಮೇಜಿನ ಮುಂದೆ ಹೆಬ್ಬೆರಳು ತೆಗೆಯಬೇಕು.

"ಕಷ್ಟಪಟ್ಟು ಓದಿದ್ದು, ನಿಜವಾಗ್ಲೂ ಬರಲ್ಲ" ಅಂದಳಲ್ಲ, ಆ ಮಾತನ್ನು ಇನ್ನೊಂದು ಸಲ ಓದಿ. ಕಷ್ಟಪಟ್ಟದ್ದು ಅವಳ ಪಾಲಿಗೆ ಯೋಗ್ಯತೆಗೆ ಸಾಕ್ಷಿ ಅಲ್ಲ, ಯೋಗ್ಯತೆ ಇಲ್ಲ ಅನ್ನುವುದಕ್ಕೆ ಸಾಕ್ಷಿ. ಬರುವವರಿಗೆ ಕಷ್ಟ ಆಗಲ್ಲ, ಕಷ್ಟ ಆಯಿತು ಅಂದರೆ ಬರಲ್ಲ. ಇದು ಎಲ್ಲಿಂದ ಬಂತು? ಗಣಿತ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಶಕುಂತಲಾ ದೇವಿ. ಬೆಂಗಳೂರಿನಲ್ಲಿ ಹುಟ್ಟಿದವರು. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿ ಹೇಳಿದವರು. ನಮ್ಮ ಮೇಷ್ಟ್ರು ಶಾಲೆಯಲ್ಲಿ ಅವರ ಕತೆ ಹೇಳುವಾಗ ಮೈ ಜುಮ್ಮೆನ್ನುತ್ತಿತ್ತು. ಆದರೆ ಆ ಕತೆಯಿಂದ ನಾವು ಕಲಿತದ್ದು ತಪ್ಪು ಪಾಠ. ಲೆಕ್ಕ ಅಂದರೆ ವೇಗ, ಲೆಕ್ಕ ಅಂದರೆ ವರ ಅಂತ ಅಂದುಕೊಂಡೆವು. ನಿಧಾನಕ್ಕೆ ಮಾಡುವವರು, ಅಳಿಸಿ ಬರೆಯುವವರು, ಎರಡನೇ ಸಲ ಓದಿ ಅರ್ಥ ಮಾಡಿಕೊಳ್ಳುವವರು ಲೆಕ್ಕದವರಲ್ಲ ಅಂದುಕೊಂಡೆವು.

ಇದಕ್ಕೂ ಒಂದು ಅಧ್ಯಯನ ಇದೆ. 2015ರಲ್ಲಿ ಸಾರಾ-ಜೇನ್ ಲೆಸ್ಲಿ, ಆಂಡ್ರೇ ಸಿಂಪಿಯನ್ ಮತ್ತು ಅವರ ಜೊತೆಯವರು ಅಮೆರಿಕದ 30 ವಿಷಯಗಳ 1,800ಕ್ಕೂ ಹೆಚ್ಚು ಅಧ್ಯಾಪಕರು, ಸಂಶೋಧಕರನ್ನು ಕೇಳಿದರು: ನಿಮ್ಮ ವಿಷಯದಲ್ಲಿ ಮುಂದೆ ಬರಲು ಹುಟ್ಟಿನಿಂದಲೇ ಬರುವ, ಕಲಿಸಲಾಗದ ಪ್ರತಿಭೆ ಬೇಕಾ? ಬೇಕು ಅಂತ ಎಲ್ಲಿ ಹೆಚ್ಚು ಜನ ನಂಬಿದ್ದರೋ ಆ ವಿಷಯಗಳಲ್ಲಿ ಪಿಎಚ್‌ಡಿ ಪಡೆದ ಹೆಂಗಸರು ಕಡಿಮೆ. ಭೌತಶಾಸ್ತ್ರದಲ್ಲಿ ಹಾಗೆ ಅಂದರೆ ಆಶ್ಚರ್ಯ ಇಲ್ಲ. ತತ್ವಶಾಸ್ತ್ರದಲ್ಲೂ ಹಾಗೇ. ಅಲ್ಲಿ ಯಾವ ಲೆಕ್ಕ ಇದೆ ಹೇಳಿ? ಎರಡು ವರ್ಷ ಬಿಟ್ಟು ಅದೇ ತಂಡದವರು ಚಿಕ್ಕ ಮಕ್ಕಳನ್ನು ಮಾತಾಡಿಸಿದರು. ತುಂಬಾ ತುಂಬಾ ಬುದ್ಧಿವಂತರು ಯಾರು ಅಂತ ಕೇಳಿದರೆ, ಐದು ವರ್ಷದ ಹುಡುಗ ಹುಡುಗಿಯರು ಇಬ್ಬರೂ ತಮ್ಮ ಕಡೆಯವರನ್ನೇ ತೋರಿಸಿದರು. ಆರು ದಾಟಿದ ಹುಡುಗಿಯರಲ್ಲಿ ಅದು ಕಡಿಮೆ ಆಗಿತ್ತು. ಆರು ವರ್ಷ ಅಂದರೆ ನಮ್ಮಲ್ಲಿ ಒಂದನೇ ಕ್ಲಾಸು. ಹಲ್ಲು ಬೀಳುವ ವಯಸ್ಸು.

ನಮ್ಮ ಕಡೆಯ ಮಕ್ಕಳ ಇನ್ನೊಂದು ಕಷ್ಟವನ್ನು ಈ ಅಧ್ಯಯನಗಳಲ್ಲಿ ನಾನು ಎಲ್ಲೂ ಓದಲಿಲ್ಲ. ಅದನ್ನು ಕಣ್ಣಾರೆ ನೋಡಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಬಂದ ದಿನದಿಂದ ಎಲ್ಲ ಇಂಗ್ಲಿಷಿನಲ್ಲಿ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳು. ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 94. ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಬರುತ್ತೇನೆ ಅಂದ. ಯಾಕೆ ಅಂದರೆ, "ಕ್ಲಾಸಲ್ಲಿ ಏನೂ ತಲೆಗೆ ಹೋಗ್ತಿಲ್ಲ ಮೇಡಂ. ನನ್ನ ತಲೆ ಅಷ್ಟೇ ಅನ್ಸುತ್ತೆ." ಕೂರಿಸಿದೆ. ಟ್ಯಾಂಜೆಂಟ್ ಅಂದರೇನು ಅಂತ ಕೇಳಿದೆ. ತಲೆ ತಗ್ಗಿಸಿದ. ಸ್ಪರ್ಶಕ ಅಂದರೇನು ಅಂದೆ. ಪೆನ್ನು ತೆಗೆದುಕೊಂಡ. ವೃತ್ತ ಎಳೆದ, ಅದರ ಅಂಚಿಗೆ ಒಂದೇ ಕಡೆ ತಾಗುವ ಗೆರೆ ಎಳೆದ, ಕೇಂದ್ರದಿಂದ ಆ ಬಿಂದುವಿಗೆ ತ್ರಿಜ್ಯ ಎಳೆದು, "ಇಲ್ಲಿ ಲಂಬ" ಅಂತ ಸಣ್ಣ ಚೌಕ ಹಾಕಿದ. ಕೈ ಒಂದು ಸಲವೂ ತಡವರಿಸಲಿಲ್ಲ. "ಇದೇ ಕಣೋ ಟ್ಯಾಂಜೆಂಟ್," ಅಂದೆ. ಅವನು ನನ್ನ ಮುಖ ನೋಡಿದ. ಆ ನೋಟವನ್ನು ನಾನು ಮರೆಯಲಾರೆ. ಎರಡು ತಿಂಗಳು ಅವನು ತನ್ನನ್ನು ದಡ್ಡ ಅಂದುಕೊಂಡು ಓಡಾಡಿದ್ದ. ಇಡೀ ಎರಡು ತಿಂಗಳು.

ನಾವಿಬ್ಬರೂ ಕೂತು ಒಂದು ಹಾಳೆ ಬರೆದೆವು. ಅಂಶ ಅಂದರೆ ನ್ಯೂಮರೇಟರ್. ಛೇದ ಅಂದರೆ ಡಿನಾಮಿನೇಟರ್. ಜ್ಯಾ ಅಂದರೆ ಕಾರ್ಡ್. ಪ್ರಮೇಯ ಥಿಯರಮ್, ಬಹುಪದೋಕ್ತಿ ಪಾಲಿನಾಮಿಯಲ್, ಶ್ರೇಢಿ ಪ್ರೊಗ್ರೆಷನ್. ಹಾಳೆಯ ಎರಡು ಮಗ್ಗುಲೂ ತುಂಬಿತು. ಅವನು ವಿಜ್ಞಾನದಲ್ಲೇ ಉಳಿದ. ಆ ಹಾಳೆಯ ಜೆರಾಕ್ಸ್ ಈಗ ಪ್ರತಿ ಜೂನ್‌ನಲ್ಲಿ ನಮ್ಮ ಗಣಿತದ ಮೇಷ್ಟ್ರು ಹಂಚುತ್ತಾರೆ. ಆದರೆ ಅದೇ ವರ್ಷ ಇನ್ನಿಬ್ಬರು ನನ್ನ ಕಣ್ಣಿಗೆ ಬೀಳದೆ ಕಾಲೇಜು ಬಿಟ್ಟು ಹೋಗಿದ್ದರು. ಅವರಿಗೂ ಬರೀ ಮಾತು ಬದಲಾಗಿತ್ತು, ಅವರು ತಲೆಯನ್ನು ದೂರಿಕೊಂಡರು ಅಂತ ನನ್ನ ನಂಬಿಕೆ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದ. ಎಂಟುನೂರು ವರ್ಷದ ಮೇಲೆ, ಕನ್ನಡದಲ್ಲಿ ಲೆಕ್ಕ ಗೊತ್ತಿರುವ ಹುಡುಗ ನನಗೆ ಲೆಕ್ಕ ಗೊತ್ತಿಲ್ಲ ಅಂತ ಅಳುತ್ತಾನೆ. ಇದು ನನಗೆ ನೋವಿನ ವಿಷಯ.

ಊರಲ್ಲಿ ಮೊದಲನೆಯವನಾಗಿದ್ದು ದೊಡ್ಡ ಕಾಲೇಜಿಗೆ ಹೋದವರ ಪಾಡೂ ಹೀಗೇ. ನಮ್ಮ ಬೀದಿಯ ಹುಡುಗನೊಬ್ಬ 600 ದಾಟಿದ್ದ. ಕರಾವಳಿ ಕಡೆಯ ಒಂದು ಹಾಸ್ಟೆಲ್ ಕಾಲೇಜಿಗೆ ಸೇರಿಸಿದರು. ಅಲ್ಲಿ ಟೆಸ್ಟು ಆದ ಹಾಗೆಲ್ಲ ಸೆಕ್ಷನ್ ಬದಲಾಗುತ್ತಿತ್ತಂತೆ. ದಸರಾ ರಜೆಗೆ ಬಂದವನು ಆಟಕ್ಕೂ ಹೋಗದೆ ಜಗಲಿ ಮೇಲೆ ಕೂತಿದ್ದ. "ಆಂಟಿ, ನಾನು ಅಂದುಕೊಂಡಷ್ಟು ಬುದ್ಧಿವಂತ ಅಲ್ಲ," ಅಂದ. ಹಾಳೂರಿಗೆ ಉಳಿದವನೇ ಗೌಡ ಅಂತ ಬೀದಿಯವರು ಅವನ ಹಳೆಯ ಅಂಕಗಳನ್ನೂ ಆಡಿಕೊಂಡರು. ಅವನಿಗೆ ಜೂನ್‌ನಲ್ಲಿ ಗೊತ್ತಿದ್ದದ್ದಕ್ಕಿಂತ ಅಕ್ಟೋಬರಿನಲ್ಲಿ ಎಷ್ಟೋ ಜಾಸ್ತಿ ಗೊತ್ತಿತ್ತು. ಸುತ್ತ ಕೂತವರು ಬದಲಾಗಿದ್ದರು, ಅಷ್ಟೇ. ಮಾರ್ಷ್ ಇದನ್ನೂ ಹೇಳಿದ್ದಾರೆ. ಸಣ್ಣ ಕೊಳದ ದೊಡ್ಡ ಮೀನನ್ನು ದೊಡ್ಡ ಕೊಳಕ್ಕೆ ಬಿಟ್ಟರೆ, ಮೀನು ಅಷ್ಟೇ ಇದ್ದರೂ ತನ್ನನ್ನು ತಾನು ಸಣ್ಣದು ಅಂದುಕೊಳ್ಳುತ್ತದೆ.

ಹಾಗಂತ, ನಂಬಿದರೆ ಸಾಕು ಎಲ್ಲ ಆಗುತ್ತದೆ ಅಂತ ನಾನು ಯಾವ ಮಗುವಿಗೂ ಹೇಳುವುದಿಲ್ಲ. ಹಾಗೆ ಹೇಳುವುದು ಮೋಸ. ಅಮೆರಿಕದ ಕೆಂಟಕಿಯಲ್ಲಿ ಬೆರಿಯಾ ಕಾಲೇಜು ಅಂತ ಇದೆ. ಬಡ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲದೆ ಕಲಿಸುತ್ತಾರೆ. ಟಾಡ್ ಮತ್ತು ರಾಲ್ಫ್ ಸ್ಟೈನ್‌ಬ್ರಿಕ್ನರ್ ಅನ್ನುವ ಅರ್ಥಶಾಸ್ತ್ರಜ್ಞರು ಅಲ್ಲಿನ ವಿದ್ಯಾರ್ಥಿಗಳನ್ನು ಸೇರಿದ ದಿನದಿಂದ ಮತ್ತೆ ಮತ್ತೆ ಕೇಳುತ್ತಾ ಹೋದರು: ಯಾವ ಮೇಜರ್ ಮಾಡಬೇಕು ಅಂತಿದ್ದೀಯ, ಎಷ್ಟು ಅಂಕ ಬರುತ್ತೆ ಅಂದುಕೊಂಡಿದ್ದೀಯ? ಸೇರುವಾಗ ವಿಜ್ಞಾನ ಮಾಡುತ್ತೇನೆ ಅಂದವರು ಬಹಳ ಜನ. ಮುಗಿಸಿದವರು ಕಡಿಮೆ. 2014ರಲ್ಲಿ ಅವರು ಬರೆದ ಪ್ರಕಾರ ಇದಕ್ಕೆ ದೊಡ್ಡ ಕಾರಣ, ವಿಜ್ಞಾನದಲ್ಲಿ ತಮಗೆ ಚೆನ್ನಾಗಿ ಅಂಕ ಬರುತ್ತದೆ ಅಂತ ಮಕ್ಕಳು ಮೊದಲು ಅಂದುಕೊಂಡದ್ದು ಅತಿಯಾಗಿತ್ತು. ಕ್ಲಾಸು ಶುರುವಾದ ಮೇಲೆ ಸತ್ಯ ಗೊತ್ತಾಯಿತು, ಬೇರೆ ಮೇಜರ್‌ಗೆ ಹೋದರು.

ನಮ್ಮಲ್ಲೂ ಅಂಥವರು ಇದ್ದಾರೆ. ಮಗನಿಗಿಂತ ಅಪ್ಪನೇ ಹೆಚ್ಚು ನಂಬಿರುತ್ತಾರೆ. ಆ ಹುಡುಗರನ್ನು ನೋಡಿದರೂ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ಬೆರಿಯಾದ ಮಕ್ಕಳಿಗೆ ಒಂದು ಅನುಕೂಲ ಇತ್ತು. ಸೇರಿ, ಓದಿ ನೋಡಿ, ಆಮೇಲೆ ಬದಲಿಸಬಹುದಿತ್ತು. ನಮ್ಮಲ್ಲಿ 16ಕ್ಕೇ ಕಾಂಬಿನೇಷನ್. ವಿಜ್ಞಾನ ಓದಿದವರು ಮುಂದೆ ಬಿಎ, ಬಿಕಾಂ ಕಡೆ ಬರಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಟ್ಟವರಿಗೆ ಇಂಜಿನಿಯರಿಂಗ್ ಬಾಗಿಲು ಅಲ್ಲಿಗೇ ಮುಚ್ಚಿತು. ಹೋಗುವ ದಾರಿ ಇದೆ, ಬರುವ ದಾರಿ ಇಲ್ಲ. ಅದಕ್ಕೇ ಆ ಐದು ನಿಮಿಷಕ್ಕೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಜಾಸ್ತಿ ನಂಬಿ ಹೋದವನು ವಾಪಸ್ ಬರಬಹುದು. ಕಡಿಮೆ ನಂಬಿ ಬಿಟ್ಟವಳಿಗೆ ತಾನು ಬಿಟ್ಟದ್ದು ಏನು ಅಂತಲೂ ಗೊತ್ತಾಗುವುದಿಲ್ಲ.

ಗಾರೆ ಕೆಲಸದವರ ಮಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಸಾಲು ಉದ್ದ ಇತ್ತು. ಆದರೂ ಅವಳನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿದೆ. ಎಲ್ಲಿಂದ ಶುರುವಾಯ್ತು ಈ ಬರಲ್ಲ ಅನ್ನೋದು ಅಂತ ಕೇಳಿದೆ. ಎಂಟನೇ ಕ್ಲಾಸು ಅಂದಳು. ಬೋರ್ಡಿನ ಮೇಲೆ ಒಂದು ಹೇಳಿಕೆ ಲೆಕ್ಕ ಬಿಡಿಸುವಾಗ ತಡವಾಯಿತು. "ನಿಂಗೆ ಬಾಯಿಪಾಠ ಮಾತ್ರ ಆಗೋದು, ಕೂತ್ಕೋ" ಅಂದರಂತೆ ಮೇಷ್ಟ್ರು. ಕ್ಲಾಸು ನಕ್ಕಿತು. ಅವತ್ತಿನಿಂದ ಹೇಳಿಕೆ ಲೆಕ್ಕ ಬಂದರೆ ಮೊದಲೇ ಬಿಟ್ಟು ಮುಂದಿನದಕ್ಕೆ ಹೋಗುತ್ತಾಳೆ. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಇದನ್ನೇ. ಕೇಳಿದರೆ ಹೆಚ್ಚಿನವರಿಗೆ ಆ ದಿನ ನೆನಪಿರುತ್ತದೆ. ಹುಟ್ಟಿನಿಂದ ಬಂದದ್ದಕ್ಕೆ ಒಂದು ದಿನ ಇರುವುದಿಲ್ಲ ಅಲ್ವಾ?

ಆಗ ನನಗೆ ನನ್ನ ಅಮ್ಮ ನೆನಪಾದರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಂಗೇನು ಲೆಕ್ಕ ಬರುತ್ತೆ ಅನ್ನುತ್ತಿದ್ದರು. ಆದರೆ ಬೀದಿಯ ಹೆಂಗಸರು ಚೀಟಿ ಕೂಗಿದ ದಿನ ಅಮ್ಮನ ಹತ್ತಿರ ಬಂದು ಈ ತಿಂಗಳು ಎಷ್ಟು ಕಟ್ಟಬೇಕು ಅಂತ ಕೇಳಿಕೊಂಡು ಹೋಗುತ್ತಿದ್ದರು. ಅಮ್ಮ ಸೊಪ್ಪು ಬಿಡಿಸುತ್ತಲೇ ಹೇಳುತ್ತಿದ್ದರು.

ಅರ್ಜಿ ಫಾರಮ್ಮಿನ ಹಿಂದಿನ ಖಾಲಿ ಮಗ್ಗುಲು ತಿರುಗಿಸಿ ಅವಳ ಮುಂದೆ ಇಟ್ಟೆ. "20 ಜನ ಚೀಟಿ ಹಾಕಿದ್ದಾರೆ. ಒಬ್ಬೊಬ್ಬರು ತಿಂಗಳಿಗೆ 500. ಈ ತಿಂಗಳು ಒಬ್ಬರು 2,000 ಬಿಟ್ಟು ಕೂಗಿದರು. ಅದರಲ್ಲಿ 500 ಚೀಟಿ ನಡೆಸೋರ ಕಮಿಷನ್. ಉಳಿದದ್ದು ಎಲ್ಲರಿಗೂ ಹಂಚಬೇಕು. ಹಾಗಾದ್ರೆ ಈ ತಿಂಗಳು ಒಬ್ಬೊಬ್ಬರು ಎಷ್ಟು ಕಟ್ಟಬೇಕು?"

ಅವಳು ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ನಾನು ನನ್ನ ಸಾಲಿನ ಕಡೆ ತಿರುಗಿದೆ. ನೋಡುತ್ತಾ ನಿಂತರೆ ಅದೂ ಬೋರ್ಡೇ ಆಗುತ್ತದೆ. ಇಬ್ಬರ ಅರ್ಜಿ ಮುಗಿಸಿ ತಿರುಗಿದಾಗ ಹಾಳೆಯ ಮೇಲೆ 1,500 ಬರೆದು, 20ರಿಂದ ಭಾಗಿಸಿ 75 ಅಂತ ಬರೆದಿದ್ದಳು. ಅದರ ಕೆಳಗೆ 425.

"ಸರಿ," ಅಂದೆ.

ಅವಳು ನಗಲಿಲ್ಲ. ಹಾಳೆಯನ್ನೇ ನೋಡುತ್ತಿದ್ದಳು. ಆಮೇಲೆ, "ಕಮಿಷನ್ ತಗೊಳ್ದೇ ಇದ್ರೆ 400 ಅಲ್ವಾ ಮೇಡಂ? ನಮ್ಮಮ್ಮನ ಚೀಟೀಲಿ ತಗೊಳಲ್ಲ," ಅಂದಳು.

ಅದನ್ನು ನಾನು ಕೇಳಿರಲಿಲ್ಲ. ಅವಳೇ ಕೇಳಿಕೊಂಡದ್ದು.

ಕಾಂಬಿನೇಷನ್ ಕಾಲಂ ಖಾಲಿ ಬಿಟ್ಟು ಫಾರಂ ಮನೆಗೆ ಕಳಿಸಿದೆ. ಅವರಪ್ಪನಿಗೂ ಹೇಳಿದೆ, ಸೋಮವಾರದವರೆಗೆ ಟೈಮಿದೆ, ಯೋಚನೆ ಮಾಡಲಿ ಅಂತ. ಎಸ್‌ಇಬಿಎ ತಗೋ ಅಂತ ನಾನು ಹೇಳಲಿಲ್ಲ. ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ.

ಸೋಮವಾರ ಬಂದಳು. ಕಾಲಂನಲ್ಲಿ ಎಚ್‌ಇಬಿಎ ಅಂತಲೇ ಬರೆದಿತ್ತು. ನನ್ನ ಮುಖದಲ್ಲಿ ಏನು ಕಂಡಿತೋ, ಅವಳೇ ಹೇಳಿದಳು. "ಇತಿಹಾಸ ಬಿಟ್ಟಿರೋಕೆ ಆಗಲ್ಲ ಮೇಡಂ. ಅದಕ್ಕೇ. ಬೇರೇನೂ ಇಲ್ಲ."

ನಾನು ರಿಜಿಸ್ಟರಿನಲ್ಲಿ ಬರೆದುಕೊಂಡೆ. ಫಾರಂ ತಿರುಗಿಸಿದರೆ ಹಿಂದಿನ ಮಗ್ಗುಲಲ್ಲಿ ನನ್ನ ಲೆಕ್ಕದ ಕೆಳಗೆ ಇನ್ನೊಂದು ಲೆಕ್ಕ ಇತ್ತು. ಅಮ್ಮನ ಚೀಟಿಯದ್ದು. 15 ಜನ, 1,000 ರೂಪಾಯಿ, 3,000 ಬಿಟ್ಟು ಕೂಗಿದ್ದು. 200 ಕಳೆದು 800 ಅಂತ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದಿದ್ದಳು.